ಮೂವತ್ತು ಜರ್ಮನ್ ವಾಕ್ಯಗಳು, ಹೊಡೆದುಹಾಕಿದ ಒಂದು

ನನ್ನ ಹಳೆಯ ವಿದ್ಯಾರ್ಥಿನಿ ಪಲ್ಲವಿ ನನ್ನ ಕೈಯಲ್ಲಿ ಇಂಪೊಸಿಷನ್ ಬರೆಸಿದಳು. ಒಂದೇ ವಾಕ್ಯ, ಹತ್ತು ಸಲ, ಜರ್ಮನ್‌ನಲ್ಲಿ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಅಜ್ಜಂಪುರದ ಸ್ಕೂಲಲ್ಲಿ ಒಂದು ಸ್ಪೆಲಿಂಗಿಗೆ ನೀವು ನನ್ನ ಕೈಲಿ ಐವತ್ತು ಸಲ ಬರೆಸಿದ್ರಿ. ನಾನು ನಲವತ್ತು ಬಿಟ್ಟಿದೀನಿ."

ನಗಬೇಕಿತ್ತು. ಆಗಲಿಲ್ಲ.

ಜರ್ಮನಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದ ನನ್ನ ತಮ್ಮ ಸುರೇಶ ತೀರಿಕೊಂಡು ಆಗ ಎಂಟು ದಿನವಾಗಿತ್ತು. ಹೃದಯಾಘಾತ. ಬಾಡಿಗೆ ಮನೆಯ ಮೆಟ್ಟಿಲಿನ ಮೇಲೆ ಕುಸಿದಿದ್ದ.

ಅವನನ್ನು ನೋಡಿ ಆಂಬುಲೆನ್ಸ್ ಕರೆಸಿದ್ದು ಮನೆಯ ಓನರ್, ಎಂಬತ್ತು ದಾಟಿದ ಹೆಲ್ಗಾ ಎಂಬ ಅಜ್ಜಿ. ಅದು ಬರುವವರೆಗೂ ಮೆಟ್ಟಿಲ ಮೇಲೆ ಕೂತು ಅವನ ಕೈ ಹಿಡಿದುಕೊಂಡಿದ್ದರಂತೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

ದಹನ ಅಲ್ಲೇ ಆಯಿತು. ಚಿತಾಭಸ್ಮ ತರಲು ನಾನು ಹೊರಡಬೇಕಿತ್ತು. ವೀಸಾಕ್ಕೆ ಇನ್ನೂ ಮೂರು ವಾರ.

ಅಮ್ಮ ಹೇಳಿದ್ದು ಒಂದೇ ಮಾತು. "ಆ ಯಮ್ಮಂಗೆ ನಾವು ಮರೆಯಲ್ಲ ಅಂತ ಅವಳ ಭಾಷೇಲೇ ಹೇಳು. ಮೊಬೈಲ್ ಕೈಲಿ ಹೇಳಿಸ್ಬೇಡ ಕಣೇ. ನಿನ್ನ ಬಾಯಲ್ಲಿ ಹೇಳು."

ಹಾಗಾಗಿ ದಿನವೂ ಶಾಲೆ ಮುಗಿದ ಮೇಲೆ ತರೀಕೆರೆಯಿಂದ ಕಡೂರಿಗೆ ಬಸ್ಸು. ಪಲ್ಲವಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಜರ್ಮನಿಯ ಕೆಲಸಕ್ಕಾಗಿ ಭಾಷೆಯ ಪರೀಕ್ಷೆ ಪಾಸಾಗಿ ವೀಸಾ ಕಾಯುತ್ತಿದ್ದಳು. ಅವಳ ಡ್ಯೂಟಿ ಮುಗಿದ ಮೇಲೆ ಒಂದು ಗಂಟೆ ಪಾಠ. ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್ ಆ್ಯಪ್.

ಉತ್ತರ ತಪ್ಪಾದರೆ ಆ್ಯಪ್‌ನಲ್ಲಿ ಕೆಂಪು ಅಕ್ಷರದಲ್ಲಿ 'ಫಾಲ್ಷ್' ಅಂತ ಬರುತ್ತಿತ್ತು. ತಪ್ಪು ಅಂತ. ಎಲ್ಲಕ್ಕಿಂತ ಮೊದಲು ನನ್ನ ಬಾಯಿಗೆ ಬಂದ ಪದ ಅದೇ.

ಅನುವಾದಿತ ಕಾದಂಬರಿ ಓದುವಾಗ ಎಡವಟ್ಟಾದ ಪದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುವ ಅಭ್ಯಾಸ ನನ್ನದು. ಅಂಥವಳು ಆ ಅಜ್ಜಿಯ ಮುಂದೆ ತಪ್ಪು ಮಾತಾಡಲಾರೆ ಅನ್ನಿಸಿತ್ತು. ಮೂವತ್ತೊಂದು ವಾಕ್ಯ ಸಾಕು, ಆದರೆ ಒಂದರಲ್ಲೂ ತಪ್ಪಿರಬಾರದು.

ಮೂವತ್ತೊಂದನೆಯದು 'ಔಫ್ ವೀಡರ್‌ಝೇಯನ್'. ಹೊರಡುವಾಗ ಹೇಳುವುದು. ಮತ್ತೆ ಸಿಗೋಣ ಅಂತ.

"ಸಾವಾದ ಮನೇಲಿ ಹೇಳಿ ಹೊರಡ್ತಾರೇನೇ?" ಎಂದೆ.

ಪಲ್ಲವಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಹೊಡೆದ್ಹಾಕಿ ಮೇಡಂ! ನಮ್ಮಜ್ಜಿ ಇದ್ದಿದ್ರೆ ನನಗೆ ಬಾರಿಸಿರೋಳು."

ನಮ್ಮ ಕಡೆ ಸಾವಾದ ಮನೆಗೆ ಹೋದವರು 'ಬರ್ತೀನಿ' ಅನ್ನುವುದಿಲ್ಲ. ಸುಮ್ಮನೆ ಎದ್ದು, ಹಿಂದೆ ತಿರುಗಿ ನೋಡದೆ ಹೊರಡುತ್ತೇವೆ. ಆ ಮನೆಗೆ ಇಂಥ ಕಾರಣಕ್ಕೆ ಮತ್ತೆ ಬರುವಂತಾಗದಿರಲಿ ಅಂತ.

ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ.

ಹೋದೆ. ಬೆಳಿಗ್ಗೆ ಚಿತಾಭಸ್ಮ ಕೊಟ್ಟರು. ಮಧ್ಯಾಹ್ನ ಹೆಲ್ಗಾ ಅವರ ಮನೆಯ ಬೆಲ್ ಒತ್ತಿದಾಗ ನನ್ನ ಹೆಗಲ ಬ್ಯಾಗಿನಲ್ಲಿ ತಮ್ಮನಿದ್ದ.

ಅಜ್ಜಿ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂರಿಸಿ ಕಾಫಿ ಕೊಟ್ಟರು. ನಾನು ಹೇಳಿದೆ. ನಾನು ಸುರೇಶನ ಅಕ್ಕ. ಅವನು ಹೋಗುವಾಗ ಒಬ್ಬನೇ ಇರಲಿಲ್ಲ, ನೀವಿದ್ದಿರಿ. ನಮ್ಮಮ್ಮ ನಿಮ್ಮನ್ನು ಮರೆಯುವುದಿಲ್ಲ.

ಒಂದು ಪದವೂ ತಪ್ಪಲಿಲ್ಲ. ಅವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ತಾವೇ ಬಹಳ ಹೊತ್ತು ಏನೋ ಹೇಳಿದರು. ಮೆಟ್ಟಿಲ ಕಡೆ ಕೈ ತೋರಿಸಿದರು, ಗಡಿಯಾರದ ಕಡೆ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಅರ್ಥವಾದವಳಂತೆ ತಲೆಯಾಡಿಸಿದೆ...

ಆಮೇಲೆ ಎದ್ದೆ. ಬಾಗಿಲಲ್ಲಿ ಅವರು ಕೈ ಚಾಚಿದ್ದು ಕಂಡಿತು. ಕಂಡರೂ ಹಿಡಿಯಲಿಲ್ಲ. ಒಂದೂ ಮಾತಾಡದೆ, ತಿರುಗಿ ನೋಡದೆ, ರಸ್ತೆಯಾಚೆಯ ಬಸ್ ಸ್ಟಾಪಿಗೆ ನಡೆದೆ. ಹೇಗೆ ಹೊರಡಬೇಕೋ ಹಾಗೇ ಹೊರಟಿದ್ದೆ.

ಎರಡು ನಿಮಿಷವಾಗಿರಬೇಕು. ಗಾಲಿಯ ಸದ್ದು. ವಾಕರ್ ತಳ್ಳಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲೇ, ಸ್ವೆಟರ್ ಕೂಡ ಇಲ್ಲದೆ ಅಜ್ಜಿ ಬರುತ್ತಿದ್ದಾರೆ.

ನನ್ನ ಮುಂದೆ ನಿಂತು ಏನೋ ಕೇಳಿದರು. ಆ ಪ್ರಶ್ನೆಯಲ್ಲಿ ನನಗೆ ಸಿಕ್ಕಿದ್ದು ಎರಡೇ ಪದ. 'ನಾನು'. 'ಫಾಲ್ಷ್'.

ಆಗ ಎಲ್ಲವೂ ಒಟ್ಟಿಗೆ ತಿಳಿಯಿತು. ಮೆಟ್ಟಿಲು, ಗಡಿಯಾರ. ತಾವು ನೋಡಿದ್ದು ತಡವಾಯಿತು ಅಂತ ಅವರು ಹೇಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿ, ಚಾಚಿದ ಕೈ ಹಿಡಿಯದೆ ಎದ್ದುಬಂದಿದ್ದೆ.

ನನ್ನ ಮೂವತ್ತು ವಾಕ್ಯಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ.

"ನೈನ್," ಎಂದೆ. ಇಲ್ಲ. ಆಮೇಲೆ ವ್ಯಾಕರಣ ಬಿಟ್ಟು, ಕ್ರಿಯಾಪದ ಬಿಟ್ಟು, ಸಿಕ್ಕ ಪದಗಳನ್ನು ಒಂದೊಂದೇ ಅವರ ಕೈಗಿಟ್ಟೆ. ನೀವು, ತಪ್ಪು, ಇಲ್ಲ. ಇಂಡಿಯಾ. ಸಾವು. ಮನೆ. 'ಔಫ್ ವೀಡರ್‌ಝೇಯನ್' ಇಲ್ಲ. ನಾವು, ಸುಮ್ಮನೆ, ಹೋಗು.

ನನ್ನ ವಿದ್ಯಾರ್ಥಿಯೊಬ್ಬಳು ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವೇ ಪದಗಳನ್ನು ಇನ್ನೊಮ್ಮೆ ಹೇಳಿ, ಎರಡೂ ಕೈ ಹಿಡಿದುಕೊಂಡೆ. ತಣ್ಣಗಿದ್ದವು. ಅವನ ಕೈ ಹಿಡಿದಿದ್ದ ಕೈಗಳು.

ಅವರು ಸ್ಟಾಪಿನ ಬೆಂಚಿನ ಮೇಲೆ ಕೂತು ಅತ್ತರು. ನಾನೂ ಅತ್ತೆ. ಒಂದು ಬಸ್ಸು ಬಂದು ನಿಂತು ಹೊರಟುಹೋಯಿತು.

ಮುಂದಿನ ಬಸ್ಸು ತಿರುವಿನಲ್ಲಿ ಕಾಣಿಸಿತು. ಅವರು ಎದ್ದರು, ಬ್ಯಾಗಿನ ಮೇಲೆ ಒಮ್ಮೆ ಕೈಯಿಟ್ಟರು. ಆಮೇಲೆ ಏನೂ ಹೇಳದೆ ವಾಕರ್ ತಿರುಗಿಸಿ ಮನೆ ಕಡೆ ನಡೆದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಮ್ಮೂರಿನವರ ಹಾಗೇ.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಾನು ಗಟ್ಟಿಯಾಗಿ ಹೇಳಿಬಿಟ್ಟೆ, ಹೊಡೆದುಹಾಕಿದ್ದ ಆ ಮೂವತ್ತೊಂದನೆಯದನ್ನು.

ಲಕ್ಕವಳ್ಳಿಯಲ್ಲಿ ಭದ್ರಾ ನೀರಿಗೆ ಭಸ್ಮ ಬಿಟ್ಟು ಬಂದ ದಿನ ಅಮ್ಮ ಕೇಳಿದಳು. "ಅಲ್ಲಿಂದ ಬರೋವಾಗ ಏನೂ ಹೇಳದೇ ಬಂದೆ ತಾನೆ?"

"ಹೂಂ," ಅಂದೆ.

ನಿಮ್ಮಲ್ಲಿ ಯಾರಾದರೂ, ಸಾವಾದ ಮನೆಯಿಂದ 'ಬರ್ತೀನಿ' ಅಂತ ಹೇಳಿ ಬಂದಿದ್ದೀರಾ?