ಎರಡನೇ ಆಂಪ್ಲಿಫೈಯರ್

ಬೆಳಗೋಡಿನ ಕಾಫಿ ಬೆಳೆಗಾರ ಹೂವೇಗೌಡರಿಗೆ ಮನೆಗೆ ಹೋಂ ಥಿಯೇಟರ್ ತಂದಾಗಿನಿಂದ ಒಂದೇ ಚಿಂತೆ: ಸ್ಪೀಕರಿಗೆ ಒಂದು ಆಂಪ್ಲಿಫೈಯರ್ ಸಾಕೋ, ದಪ್ಪ ಸ್ವರಕ್ಕೊಂದು ಸಣ್ಣ ಸ್ವರಕ್ಕೊಂದು ಅಂತ ಎರಡು ಬೇಕೋ? ಎಸ್ಟೇಟಿನ ಲೆಕ್ಕ ನೋಡುವ ರೈಟರು ಗೊಬ್ಬರದ ಮಾತೆತ್ತಿದರೆ, "ಅದಿರ್ಲಿ ಮಾರಾಯ, ಈ ತಾಳದ ಸದ್ದು ಮಂಕಾಗೈತಾ ಹೇಳು" ಎಂದು ಸೋಫಾದ ಮೇಲೆ ಎಳೆದು ಕೂರಿಸುವರು. ಕರೆಂಟ್ ಬಿಲ್ ಕೊಡಲು ಬಂದವನೂ ಕಣ್ಣು ಮುಚ್ಚಿ ಕೇಳಿ, ಅಭಿಪ್ರಾಯ ಹೇಳಿಯೇ ಗೇಟು ದಾಟಬೇಕು. ಮಂಕಾಗೈತೆ ಎಂದವರಿಗೆ ಇನ್ನೊಂದು ಲೋಟ ಕಾಫಿ, ಚೆನ್ನಾಗೈತೆ ಎಂದವರಿಗೆ ಇನ್ನೊಂದು ಹಾಡು. ಊರೆಲ್ಲ ನಗುತ್ತಿತ್ತು. ಹೆಂಡತಿ ಗಂಗಾಮಣಿಗೆ ಈಚೆಗೆ ಸಣ್ಣ ಸ್ವರಗಳು ಕೇಳಿಸುತ್ತಿಲ್ಲ, ಸಿನಿಮಾ ನೋಡುವಾಗ ತಾನು ನಕ್ಕ ಮೇಲಷ್ಟೇ ಅವಳೂ ನಗುತ್ತಾಳೆ ಎಂಬುದು ಗೌಡರಿಗೆ ಮಾತ್ರ ಗೊತ್ತಿತ್ತು. ಕೊನೆಗೊಂದು ದಿನ ಸಕಲೇಶಪುರದ ಆಡಿಯೋ ಅಂಗಡಿಯ ಹುಡುಗ ವಸೀಂ ಎರಡನೇ ಆಂಪ್ಲಿಫೈಯರ್ ತಂದ. ಹಳೆಯದರಲ್ಲೇ ಹಾಡು ಓಡುತ್ತಿತ್ತು, ಅವನಿನ್ನೂ ಹೊಸದರ ವೈರು ಬಿಡಿಸುತ್ತಿದ್ದ. ಅಷ್ಟರಲ್ಲೇ ಗಂಗಾಮಣಿ, "ಈಗ ಎಷ್ಟು ಚೆನ್ನಾಗಿ ಕೇಳ್ತೈತೆ ಕಣ್ರೀ!" ಎಂದಳು. ಗೌಡರು ಇನ್ನೂ ಜೋಡಿಸದ ವೈರುಗಳ ಕಡೆ ನೋಡಿದರು. ಆಮೇಲೆ, "ಹೌದು ಕಣೇ, ಈಗ ಸರಿಯಾಯ್ತು" ಎಂದು, ಹೊಸದನ್ನು ವಾಪಸ್ ಪೆಟ್ಟಿಗೆಗೆ ಹಾಕುವಂತೆ ವಸೀಂಗೆ ಕಣ್ಸನ್ನೆ ಮಾಡಿ, ಅವಳ ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೇ ಎಳೆದಿಟ್ಟರು.