ನಗಬೇಡಿ ಯಜಮಾನರ ಮುಖಪರೀಕ್ಷೆ

ಮುಖ ತೋರಿಸಿ ಸಂಬಳ ತೆಗೆದುಕೊಳ್ಳುವವರು ಸಿನಿಮಾದವರು ಮತ್ತು ನಾನು. ಅವರು ತೋರಿಸುವುದು ಸ್ವಂತ ಮುಖ, ನಾನು ಕಂಡವರದ್ದು. ಆಸ್ಪತ್ರೆಯ ನರರೋಗ ವಿಭಾಗದ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ರೋಗಿಗಳಿಗೆ ಒಂದೊಂದೇ ಫೋಟೋ ಹಿಡಿಯುತ್ತೇನೆ: ಇವರಿಗೆ ಆಗಿರುವುದು ಸಂತೋಷವೋ, ದುಃಖವೋ, ಕೋಪವೋ, ಭಯವೋ? "ಎದುರಿಗಿರೋರ ಮನಸ್ಸು ತಿಳಿಯದ ಕೋಣ" ಎಂದು ಅಕ್ಕನಿಂದ ಬಿರುದು ಪಡೆದವನಿಗೇ ಈ ಕೆಲಸ ಸಿಕ್ಕಿತು.

ಫೋಟೋಗಳೂ ನಮ್ಮವೇ. ಅಚ್ಚಾದ ಕಾರ್ಡು ತರಿಸಲು ಮಂಜೂರಾತಿ ಸಿಗದೆ ಡಾಕ್ಟರಮ್ಮ ಸಿಬ್ಬಂದಿಯನ್ನೇ ಗೋಡೆಗೆ ನಿಲ್ಲಿಸಿ ಕ್ಲಿಕ್ಕಿಸಿದ್ದರು. ಕೋಪಕ್ಕೆ ಕ್ಯಾಂಟೀನಿನವ, ದುಃಖಕ್ಕೆ ಔಷಧಿ ಕೊಡುವಾಕೆ, ಸಂತೋಷಕ್ಕೆ ನಾನು. ಹಲ್ಲುನೋವಿನವನ ಹಾಗಿದೆ ಎಂದು ಎಲ್ಲರೂ ಹೇಳಿದರೂ ಅದು ಹಾಗೇ ಉಳಿಯಿತು.

ಆ ಕೋಣೆಗೆ ಬಂದವರು ನಗಬೇಡಿ ಯಜಮಾನರು. ಕಚೇರಿಗಳ ಬೀದಿಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದವರು. "ನಗಬೇಡಿ. ಗದ್ದ ಎತ್ತಿ. ಕಿವಿ ಕಾಣ್ಲಿ" ಎಂಬುದೇ ಅವರ ಮಂತ್ರ; ಹೆಸರು ಬಂದದ್ದೂ ಅದರಿಂದಲೇ. ಹೊಸ ಮದುಮಗಳಿರಲಿ, ಗಂಡ ಸತ್ತು ಪಿಂಚಣಿಗೆ ಅರ್ಜಿ ಹಾಕಲು ಬಂದವಳಿರಲಿ, ಅವರ ಸ್ಟೂಲಿನಿಂದ ಏಳುವಾಗ ಎಲ್ಲರೂ ಒಂದೇ ಅಚ್ಚಿನ ಇಟ್ಟಿಗೆಗಳು. ಕಚೇರಿಗಳಿಗೆ ಬೇಕಾದದ್ದೂ ಇಟ್ಟಿಗೆಯೇ. ತಾವು ತೆಗೆದ ಒಂದು ಫೋಟೋವೂ ಕಚೇರಿಯಿಂದ ವಾಪಸು ಬಂದಿಲ್ಲ ಎಂಬುದು ಅವರ ಹೆಮ್ಮೆ.

ಈಗ ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಕೈಕೊಡುತ್ತವೆ. ಮೊದಲು ಕ್ಯಾಮೆರಾ ಒತ್ತುವ ಬೆರಳು ಹೋಯಿತು, ಆಮೇಲೆ ಕಾಲು, ಈಗ ಮಾತೂ ತೊದಲು. ಕೆಲವರಿಗೆ ಎದುರಿನವರ ಮುಖ ಓದುವ ಶಕ್ತಿಯೂ ಕುಂದುತ್ತದೆ. ನನ್ನ ಪರೀಕ್ಷೆ ಇರುವುದು ಅದಕ್ಕೇ.

ಗಾಲಿಕುರ್ಚಿ ತಳ್ಳಿಕೊಂಡು ಬಂದ ಅವರ ಹೆಂಡತಿ ಕೂರುವ ಮೊದಲೇ ಶುರುಮಾಡಿದರು: "ಮೊನ್ನೆ ಇವರಿಗೆ ಊಟ ತಿನ್ನಿಸ್ತಾ ಅಳು ಬಂದ್ಬಿಡ್ತು ಕಣಪ್ಪ. ನನ್ನ ಮುಖಾನೇ ನೋಡ್ತಾ 'ಉಪ್ಪು ಕಮ್ಮಿ' ಅಂದ್ರು. ಇದು ಕಾಯಿಲೆನೋ ಕೊಬ್ಬೋ, ಅಷ್ಟು ಹೇಳ್ಬಿಡು. ಕಾಯಿಲೆ ಆದ್ರೆ ನೋಡ್ಕೋತೀನಿ. ಕೊಬ್ಬಾದ್ರೆ ನಾಳೆನೇ ತಂಗಿ ಮನೆಗೆ ಹೊರಟೆ. ಇವರಣ್ಣ ಬಂದು ತಿನ್ನಿಸ್ಲಿ."

ಯಜಮಾನರು ಟ್ಯೂಬ್‌ಲೈಟನ್ನೇ ನೋಡುತ್ತಿದ್ದರು. "ಲೈ...ಟು ಸಾಲ್ದು."

ಕ್ಯಾಂಟೀನಿನವನ ಕೋಪದ ಫೋಟೋ ಹಿಡಿದೆ. ಯಜಮಾನರೆಂದರು: "ಹಣೆ ಮೇಲೆ... ನೆರಳು."

"ಇವರಿಗೆ ಏನನ್ನಿಸ್ತಿದೆ, ಸಾರ್?"

"ತಲೆ ವಾರೆ."

ಬಹಳ ಗೋಗರೆದ ಮೇಲೆ, ಭಾವಗಳ ಹೆಸರಿರುವ ಹಲಗೆಯ ಮೇಲೆ ಕಣ್ಣಿಂದಲೇ ಗುರುತಿಸಲು ಒಪ್ಪಿದರು. ಭಯದ ಮುಖಕ್ಕೆ 'ಆಶ್ಚರ್ಯ'. ಅಳುಮುಖಗಳು ಎಷ್ಟು ಬಂದರೂ 'ಏನೂ ಇಲ್ಲ'. ನನ್ನ ಸಂತೋಷಕ್ಕೆ 'ಭಯ'.

"ಅದನ್ನ ತಪ್ಪಂತ ಹಾಕ್ಬೇಡಪ್ಪ," ಎಂದರು ಹೆಂಡತಿ. "ನನಗೂ ಹಾಗೇ ಕಾಣ್ತಿದೆ."

ಅಷ್ಟರಲ್ಲಿ ಬಂದು ಕೂತ ಡಾಕ್ಟರಮ್ಮ ನನ್ನ ಮುಖವನ್ನು ಬದಿಗಿಟ್ಟು ಉಳಿದ ಉತ್ತರಗಳನ್ನು ನೋಡಿ ಹೇಳಿದರು: "ದುಃಖ ಗುರುತಿಸೋದು ಇವರಿಗೆ ನಿಜವಾಗ್ಲೂ ಕಷ್ಟ ಆಗ್ತಿದೆ, ಅಮ್ಮಾ. ಕಾಯಿಲೆಯಿಂದ್ಲೇ ಇರಬಹುದು."

"ಇರಬಹುದು ಅಂದ್ರೆ? ಮದುವೆ ದಿನ ನಾನು ಅಳ್ತಿದ್ರೆ 'ಮೂಗು ಒರೆಸ್ಕೋ, ಫೋಟೋದಲ್ಲಿ ಹೊಳೆಯುತ್ತೆ' ಅಂದಿದ್ರು. ಆಗ್ಲೇ ಇತ್ತಾ ಈ ಕಾಯಿಲೆ?"

"ಮೊದಲು ಹೇಗಿದ್ರು ಅಂತ ಹೇಳೋ ಪರೀಕ್ಷೆ ನಮ್ಮ ಹತ್ರ ಇಲ್ಲ."

"ನನ್ನ ಹತ್ರ ಇದೆ."

ಡಾಕ್ಟರಮ್ಮನಿಗೆ ತಟ್ಟನೆ ವಾರ್ಡಿನ ನೆನಪಾಯಿತು; ಎದ್ದು ಹೋದರು. ಅಕ್ಕನ ಬಿರುದಿಗೆ ಚ್ಯುತಿ ಬರದಂತೆ ನಾನು ಬಾಯಿಹಾಕಿದೆ: "ಇವರಿಗೆ ಮುಖದಲ್ಲಿ ಗೊತ್ತಾಗ್ದಿದ್ರೆ ಬಾಯಲ್ಲಿ ಹೇಳ್ಬಿಡಿ, ಅಮ್ಮಾ."

ಆಕೆ ನನ್ನನ್ನು ನೋಡಿದ ನೋಟ ನಮ್ಮ ಯಾವ ಕಾರ್ಡಿನಲ್ಲೂ ಇಲ್ಲ. ಆಮೇಲೆ ಕುರ್ಚಿಯ ಮುಂದೆ ಬಗ್ಗಿದರು.

"ರೀ, ಇಲ್ಲಿ ನೋಡಿ. ನಾನೀಗ ಅಳ್ತಿದ್ದೀನಿ. ಉಪ್ಪು ಗಿಪ್ಪು ಅಂದ್ರೆ ನೋಡಿ ಮತ್ತೆ."

ಯಜಮಾನರು ಫೋಕಸ್ ಸಿಗದವರಂತೆ ಬಹಳ ಹೊತ್ತು ಆ ಮುಖವನ್ನೇ ನೋಡಿದರು. "ಅ...ಳು?"

"ಹೂಂ. ಅಳು."

"ಯಾ...ಕೆ?"

ಆಕೆ ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದರು. "ಈ ಮಾತು ಕೇಳೋಕೆ ಇವರಿಗೆ ಕೈಕಾಲು ಬೀಳ್ಬೇಕಾಯ್ತು ನೋಡಪ್ಪ."

"ಹಾಗಾದ್ರೆ ತಂಗಿ ಮನೆ?" ಎಂದೆ.

"ಯಾಕೆ ಅಂತ ಕೇಳಿದ್ದಾರಲ್ಲ, ಉತ್ತರ ಬೇಡ್ವಾ? ಮದುವೆ ದಿನದಿಂದ ಶುರುಮಾಡ್ಬೇಕು." ಆಕೆ ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ, ಗಂಡನ ಎದೆಗೆ ವಾಲಿದ್ದ ತಲೆಯನ್ನು ನೇರಮಾಡಿದರು. "ಗದ್ದ ಎತ್ತಿ ರೀ. ನಗಬೇಡಿ."