ಮುನಿಶಾಮಮ್ಮನ ಚಿಟಿಕೆ

ಜಂಗಮಕೋಟೆಯ ಮುನಿಶಾಮಮ್ಮನಿಗೆ ಕಡ್ಡಿಪುಡಿಯ ರುಚಿ ಹತ್ತಿದ್ದು ಎಂಟನೇ ವಯಸ್ಸಿನಲ್ಲಿ. ದವಡೆ ಹಲ್ಲು ನೋಯುತ್ತದೆ ಎಂದು ಅತ್ತಾಗ ಅವಳಮ್ಮ ಸೊಂಟದ ಚೀಲ ಬಿಚ್ಚಿ, ಒಂದು ಚಿಟಿಕೆ ಹೊಗೆಸೊಪ್ಪಿನ ಪುಡಿಯನ್ನು ವಸಡಿಗೆ ಒತ್ತಿದಳು. ನೋವು ಹೋಯಿತು, ಪುಡಿ ಉಳಿಯಿತು. ಹದಿನಾರಕ್ಕೆ, ಕಳೆ ಕೀಳುವಾಗ ಹಸಿವು ಗೊತ್ತಾಗದಿರಲೆಂದು ಹಾಕಿದಳು. ಬಸುರಿಯಾದಾಗ ವಾಕರಿಕೆಗೆ. ಗಂಡ ತೀರಿಕೊಂಡಾಗ ದುಃಖಕ್ಕೆ. ಅರವತ್ತು ದಾಟಿದ ಮೇಲೆ ಕಾರಣ ಕೇಳುವವರೂ ಇರಲಿಲ್ಲ, ಹೇಳುವ ತಾಪತ್ರಯವೂ ಇರಲಿಲ್ಲ. ಬೇಡ ಅಂದವರು ಯಾರೂ ಇಲ್ಲ.

ಇಲ್ಲ ಎಂದರೆ ತಪ್ಪಾಗುತ್ತದೆ. ಅವಳು ಮನೆಯಲ್ಲಿ ಸಾಕುತ್ತಿದ್ದ ರೇಷ್ಮೆಹುಳುಗಳು ಅಂದಿದ್ದವು. ಹೊಗೆಸೊಪ್ಪು ಸೋಕಿದರೆ ಹುಳು ತಲೆ ಎತ್ತಿ, ಹಸಿರು ಕಕ್ಕಿ, ತಿರುಚಿಕೊಂಡು ಸಾಯುತ್ತದೆ. ಹಾಗಾಗಿ ಹುಳುಮನೆಗೆ ಕಾಲಿಡುವ ಮುಂಚೆ ಮುನಿಶಾಮಮ್ಮ ಬಾಯಿ ಮುಕ್ಕಳಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಸೀರೆಯನ್ನೂ ಬದಲಾಯಿಸುತ್ತಿದ್ದಳು. ಈ ಶಿಸ್ತಿಗೆ ಊರಲ್ಲಿ ಭಾರಿ ಹೆಸರು. ಹುಳು ಜ್ವರಕ್ಕೆ ಹೋದರೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಮಲಗಿದರೆ, ಅದು ಎದ್ದಿತೋ ಇಲ್ಲವೋ ನೋಡಲು ಬೇರೆ ಮನೆಯವರೂ ಅವಳನ್ನೇ ಕರೆಯುತ್ತಿದ್ದರು. ಹುಳುವಿಗೆ ವಿಷವಾದದ್ದು ಮನುಷ್ಯರಿಗೇನು ಎಂಬ ಪ್ರಶ್ನೆ ಮಾತ್ರ ಅವಳಿಗೂ ಬರಲಿಲ್ಲ, ಕರೆದವರಿಗೂ ಬರಲಿಲ್ಲ.

ಮಗ ಮುನೇಶ್, ಸೊಸೆ ತನುಜ ಇಬ್ಬರೂ ಶಾಲೆಯಲ್ಲಿ ಪಾಠ ಹೇಳುವವರು. ಏಳು ವರ್ಷದ ಮೊಮ್ಮಗಳು ಹರಿತಾ ಬೆಳೆದದ್ದೆಲ್ಲ ಅಜ್ಜಿಯ ಮಡಿಲಲ್ಲೇ. ಕಳೆದ ಕಾರ್ತಿಕದಲ್ಲಿ ಒಂದು ದಿನ ಹಲ್ಲುನೋವೆಂದು ಮಗು ಮನೆಯಲ್ಲೇ ಉಳಿಯಿತು. ಅಜ್ಜಿ ಲವಂಗ ಇಟ್ಟಳು, ಉಪ್ಪುನೀರು ಕೊಟ್ಟಳು. ಅಳು ನಿಲ್ಲಲಿಲ್ಲ. ಕೊನೆಗೆ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು.

“ಒಂಚೂರು ಕಣಮ್ಮ, ನೋವಿಗೆ ಒಳ್ಳೇದು. ಆಮೇಲೆ ಉಗುಳ್ಬಿಡು.”

ಹರಿತಾ ಉಗುಳಲಿಲ್ಲ, ನುಂಗಿದಳು. ಸ್ವಲ್ಪ ಹೊತ್ತಿಗೆ ಬೆವರಿ, ಮುಖ ಬಿಳಿಚಿಕೊಂಡು ಹಸಿರಾಗಿ ಕಕ್ಕಿದಳು. ಮುನಿಶಾಮಮ್ಮನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಹೀಗೆ ಕಕ್ಕುವುದನ್ನು ಅವಳು ನಲವತ್ತು ವರ್ಷ ನೋಡಿದ್ದಳು. ಮಗುವನ್ನು ಎತ್ತಿಕೊಂಡು ಆಟೊ ಹತ್ತಿದಳು.

ಆಸ್ಪತ್ರೆಗೆ ತನುಜ ಶಾಲೆಯಿಂದಲೇ ಓಡಿಬಂದಳು. ಮಗು ಏನು ತಿಂದಿದೆ ಎಂದು ಡಾಕ್ಟರು ಕೇಳಿದರು.

“ನಿನ್ನೆ ಸಂಜೆ ಗೋಬಿ ತಿಂದ್ಳು ಸಾರ್, ಅದೇ ಇರ್ಬೇಕು,” ಎಂದಳು ತನುಜ.

ಡಾಕ್ಟರು ಅದನ್ನೇ ಬರೆದುಕೊಳ್ಳತೊಡಗಿದರು. ಗೋಬಿಯ ತಲೆಗೆ ಕಟ್ಟಿ ಸುಮ್ಮನಿದ್ದುಬಿಡಬಹುದಿತ್ತು. ಸೊಸೆ ನಾಲ್ಕು ದಿನ ಗಾಡಿಯವನನ್ನು ಬೈದು ಮರೆಯುತ್ತಿದ್ದಳು. ಹೇಳಿದರೆ ಮಗುವನ್ನು ಇನ್ನು ತನ್ನ ಕೈಗೆ ಕೊಡುವುದಿಲ್ಲ ಎಂಬುದು ಮುನಿಶಾಮಮ್ಮನಿಗೆ ಗೊತ್ತಿತ್ತು.

“ಗೋಬಿ ಅಲ್ಲ ಸ್ವಾಮಿ. ಕಡ್ಡಿಪುಡಿ. ನಾನೇ ಇಟ್ಟೆ.”

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ನರ್ಸನ್ನು ಕೂಗಿದರು. ಸಂಜೆಗೆ ಹರಿತಾ ಎದ್ದು ಕೂತು ಬಿಸ್ಕತ್ತು ಕೇಳಿದಳು. ತನುಜ ಕೂಗಾಡಲಿಲ್ಲ. “ಅದು ನಿಮ್ಮ ಹತ್ರ ಇರೋವರ್ಗೂ ಮಗು ನಿಮ್ಮ ಹತ್ರ ಇರಲ್ಲ ಅತ್ತೆ,” ಅಂದಳು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಮುನಿಶಾಮಮ್ಮ ಸೊಂಟದ ಚೀಲ ಬಿಚ್ಚಿ ಸೊಸೆಯ ಕೈಗಿಟ್ಟಳು. ಐವತ್ತಮೂರು ವರ್ಷದ ಚಟ ಬಿಡುವುದೆಂದರೆ ಹುಡುಗಾಟವಲ್ಲ. ತಲೆ ಸಿಡಿಯಿತು, ನಿದ್ದೆ ಹತ್ತಲಿಲ್ಲ. ಅಂಗಳದ ಕೋಳಿಯನ್ನೂ ಬಿಡದೆ ಕಂಡವರನ್ನೆಲ್ಲ ಬೈದಳು. ಚಟ ಬಿಡಲೆಂದು ಆಸ್ಪತ್ರೆಯವರು ಕೊಟ್ಟ ಗಮ್ಮನ್ನು ಬಾಯಿಗೆ ಹಾಕಿಕೊಂಡು, “ಇದೇನಪ್ಪ, ಸೈಕಲ್ ಟ್ಯೂಬಾ?” ಎಂದಳು. ಬೈಯುತ್ತಲೇ ಅಗಿದಳು.

ಹನ್ನೊಂದನೇ ದಿನ ಹಣೆಗೆ ಬಟ್ಟೆ ಬಿಗಿದುಕೊಂಡು ಜಗಲಿಯಲ್ಲಿ ನರಳುತ್ತ ಕೂತಿದ್ದಳು. ಭಾನುವಾರ, ತನುಜ ಒಳಗೆ ಬಟ್ಟೆ ಒಗೆಯುತ್ತಿದ್ದಳು. ಹರಿತಾ ಹಿತ್ತಲಿಂದ ಬಂದು ಅಜ್ಜಿಯ ಮುಂದೆ ನಿಂತಳು. ಒಂದು ಕೈಯಲ್ಲಿ, ಗೋಡೆಯ ಸಂದಿನಲ್ಲಿ ಅಜ್ಜಿ ಯಾರಿಗೂ ಹೇಳದೆ ಉಳಿಸಿಕೊಂಡಿದ್ದ ಪೊಟ್ಟಣ. ಇನ್ನೊಂದು ಕೈಯ ಎರಡು ಬೆರಳ ನಡುವೆ ಹದವಾಗಿ ಹಿಡಿದ ಪುಡಿ.

“ಬಾಯಿ ತೆಗಿ ಅಜ್ಜಿ. ಒಂಚೂರು. ನೋವಿಗೆ ಒಳ್ಳೇದು.”

ವಾಸನೆಗೇ ಮುನಿಶಾಮಮ್ಮನ ಬಾಯಲ್ಲಿ ನೀರೂರಿತು. ಮಗುವಿನ ಮುಖದಲ್ಲಿ ತುಂಟತನ ಒಂದಿಷ್ಟೂ ಇರಲಿಲ್ಲ. ಬರೀ ಪ್ರೀತಿ ಇತ್ತು. ಅದನ್ನು ಕಂಡು ಅವಳಿಗೆ ಅಳು ಬಂತು.

“ಸುಳ್ಳು ಹೇಳಿದ್ದೆ ಕಣಮ್ಮ,” ಎಂದಳು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಕ್ಕೆ ಕೂಗಿದಳು:

“ತನುಜಾ, ಬಾರಮ್ಮ ಇಲ್ಲಿ. ಇನ್ನೊಂದು ಪೊಟ್ಟಣ ಬಚ್ಚಿಟ್ಟಿದ್ದೆ. ಬೇಗ ಬಾ, ನನ್ ಕೈಲಿ ತಡ್ಕೊಳ್ಳಕ್ಕಾಗ್ತಿಲ್ಲ.”